ಆಫೀಸ್ ಕಾಲ್‌ನಲ್ಲಿ ಬೇಸ್‌ಬಾಲ್ ಇಂಗ್ಲಿಷ್: ಹೇಗೆ ಹಿಡಿಯುವುದು, ಹೇಗೆ ಬಳಸುವುದು

ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಕ್ಲೈಂಟ್‌ಗಳ ಜೊತೆ ಕೆಲಸ ಮಾಡುವವಳು. ಅವರ ಮಾತಿನ ತುಂಬಾ ಬೇಸ್‌ಬಾಲ್. ಆಟ ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

'ಬಾಲ್‌ಪಾರ್ಕ್ ಫಿಗರ್' ಕೇಳಿದರೆ ಅಂದಾಜು ಲೆಕ್ಕ ಕೇಳುತ್ತಿದ್ದಾರೆ ಎಂದರ್ಥ. ಎಕ್ಸೆಲ್ ತೆರೆದು ಕೂರಬೇಡಿ. 'ಮೂರರಿಂದ ನಾಲ್ಕು ವಾರ' ಅನ್ನಿ. ಆದರೆ ಇದು ಅಂದಾಜು ಮಾತ್ರ ಅಂತ ಮೇಲ್‌ನಲ್ಲಿ ಬರೆದಿಡಿ. ಇಲ್ಲದಿದ್ದರೆ ಅದೇ ಡೆಡ್‌ಲೈನ್ ಆಗಿಬಿಡುತ್ತದೆ!

'ಟಚ್ ಬೇಸ್' ಅಂದರೆ ಸುಮ್ನೆ ಎರಡು ನಿಮಿಷ ಮಾತಾಡೋಣ ಅಂತ. ಅದಕ್ಕೆ ಸ್ಲೈಡ್ ಬೇಡ. 'ಕರ್ವ್‌ಬಾಲ್' ಅಂದರೆ ಎದುರು ನೋಡದ ತೊಡಕು. ನಮ್ಮ ಗೂಗ್ಲಿ ಇದ್ದ ಹಾಗೆ.

ನನಗೆ ಜಾಸ್ತಿ ಇಷ್ಟ 'ರೇನ್ ಚೆಕ್'. 1880ರ ದಶಕದಲ್ಲಿ ಮಳೆ ಬಂದು ಪಂದ್ಯ ನಿಂತರೆ, ಇನ್ನೊಂದು ದಿನ ಬಂದು ನೋಡಲು ಜನರಿಗೆ ಚೀಟಿ ಕೊಡುತ್ತಿದ್ದರು. ಊಟಕ್ಕೆ ಕರೆದಾಗ 'ಕ್ಯಾನ್ ಐ ಟೇಕ್ ಎ ರೇನ್ ಚೆಕ್?' ಅಂದರೆ ಇವತ್ತು ಆಗಲ್ಲ, ಇನ್ನೊಮ್ಮೆ ಬರುತ್ತೇನೆ ಅಂತ. ಹೋಗುವ ಮನಸ್ಸೇ ಇಲ್ಲದಿದ್ದರೆ ಬಳಸಬೇಡಿ. ಅವರು ಮತ್ತೆ ಕರೆಯುತ್ತಾರೆ, ಅಲ್ವಾ?

ಕ್ರಿಕೆಟ್ ಮಾತು ಅಲ್ಲಿ ನಡೆಯುವುದಿಲ್ಲ. ಕಷ್ಟದ ಪರಿಸ್ಥಿತಿಗೆ 'ಸ್ಟಿಕಿ ವಿಕೆಟ್' ಅನ್ನುವುದನ್ನು ಲಂಡನ್ ಕಾಲ್‌ಗೆ ಇಟ್ಟುಕೊಳ್ಳಿ.

ಆಟಕ್ಕೆ ಸಂಬಂಧವಿಲ್ಲ, ಆದರೂ ಒಂದು ಹೇಳಲೇಬೇಕು. 'ಟೇಬಲ್ ಇಟ್' ಎಂದರೆ ಬ್ರಿಟನ್‌ನಲ್ಲಿ ಚರ್ಚೆಗೆ ಎತ್ತಿಕೊಳ್ಳೋಣ, ಅಮೆರಿಕದಲ್ಲಿ ಸದ್ಯಕ್ಕೆ ಬಿಡೋಣ! ಎರಡೂ ದೇಶದವರಿರುವ ಕಾಲ್‌ನಲ್ಲಿ, ಈಗಲೇ ಮಾತಾಡುವುದಾ ಆಮೇಲಾ ಅಂತ ನೇರವಾಗಿ ಕೇಳಿ.