ಹಳೇ ರಾಕ್ ಬ್ಯಾಂಡ್ ಮತ್ತೆ ಸೇರಿ ಆಲ್ಬಂ ಮಾಡುವುದು ಹೇಗೆ

ಇಪ್ಪತ್ತು-ಇಪ್ಪತ್ತೈದು ವರ್ಷದ ಹಿಂದೆ ಚದುರಿಹೋದ ಬ್ಯಾಂಡ್ ಮತ್ತೆ ಒಂದಾದ ಕೂಡಲೇ ಎಲ್ಲರೂ ಸ್ಟುಡಿಯೋ ಬುಕ್ ಮಾಡಲು ಓಡುತ್ತಾರೆ. ಆಲ್ಬಂ ಕೆಡುವುದು ಬಹುಪಾಲು ಅದಕ್ಕೂ ಮುಂಚೆಯೇ. ಕಾಗದಪತ್ರ ಮಾಡಿಕೊಳ್ಳದೆ ಸುದ್ದಿ ಬಿಟ್ಟಿರುತ್ತಾರೆ, ಇಲ್ಲವೇ ಐವತ್ತು ದಾಟಿದ ಗಂಟಲಿಗೆ ಇಪ್ಪತ್ತೈದರ ಶ್ರುತಿ ಹೊರಿಸಿರುತ್ತಾರೆ. ಒಪ್ಪಂದ, ಶ್ರುತಿ, ನಾಲ್ಕಾರು ಕಾರ್ಯಕ್ರಮ, ಆಮೇಲೆ ರೆಕಾರ್ಡಿಂಗ್: ಕೆಲಸ ಈ ಸರದಿಯಲ್ಲೇ ನಡೆಯಲಿ.

ಮೊದಲು ಕಾಗದ

ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮೂಲ ನಾಲ್ವರು 2011ರ ನವೆಂಬರ್ 11ರಂದು ಮತ್ತೆ ಒಂದಾಗುವುದಾಗಿ ಪ್ರಕಟಿಸಿದರು. ಮರುವರ್ಷ ಫೆಬ್ರುವರಿಯಲ್ಲೇ ಡ್ರಮ್ಮರ್ ಬಿಲ್ ವಾರ್ಡ್, ತನಗೆ ಕೊಟ್ಟ ಒಪ್ಪಂದಕ್ಕೆ ಸಹಿ ಹಾಕಲು ಆಗದು ಎಂದರು. 2013ರಲ್ಲಿ ಬಂದ ‘13’ ಆಲ್ಬಂಗೆ ಡ್ರಮ್ಸ್ ನುಡಿಸಿದ್ದು ಹೊರಗಿನ ಡ್ರಮ್ಮರ್ ಬ್ರ್ಯಾಡ್ ವಿಲ್ಕ್. ಅದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನ ಹಿಡಿಯಿತು ನಿಜ, ಆದರೆ ಮೂಲ ನಾಲ್ವರ ಆಲ್ಬಂ ಅದಾಗಲಿಲ್ಲ. ಹಾಗಾಗಿ ಸಹಿ ಬೀಳುವವರೆಗೆ ಫೋಟೊ ಕೂಡ ಹಾಕಬೇಡಿ.

ಒಪ್ಪಂದದಲ್ಲಿ ಇರಲೇಬೇಕಾದ್ದು: ಹೆಸರು ಯಾರದು, ಒಬ್ಬರು ಬಿಟ್ಟುಹೋದರೆ ಉಳಿದವರು ಅದೇ ಹೆಸರಲ್ಲಿ ನುಡಿಸಬಹುದೇ, ಸ್ಟುಡಿಯೋ ಖರ್ಚು ಹಾಕಿದವರಿಗೆ ಹಣ ಯಾವಾಗ ವಾಪಸ್, ಮಿಕ್ಸ್ (ಮುದ್ರಿಸಿದ ಧ್ವನಿಗಳನ್ನು ಹದವಾಗಿ ಬೆರೆಸುವ ಕೆಲಸ) ವಿಷಯದಲ್ಲಿ ಕೊನೆಯ ಮಾತು ಯಾರದು. ಹೆಸರಿನ ವಿಷಯ ಹಗುರವಲ್ಲ. 1980ರಲ್ಲಿ ಡೀಪ್ ಪರ್ಪಲ್‌ನ ಮೊದಲ ಗಾಯಕ ರಾಡ್ ಇವಾನ್ಸ್ ಬೇರೆ ಯಾರ್‍ಯಾರನ್ನೋ ಕಟ್ಟಿಕೊಂಡು ಅದೇ ಹೆಸರಲ್ಲಿ ಕಾರ್ಯಕ್ರಮ ಕೊಡತೊಡಗಿದಾಗ ಕೋರ್ಟಿಗೆ ಹೋಗಿ ತಡೆಯಬೇಕಾಯಿತು. ಆ ಬ್ಯಾಂಡಿನ ನಿಜವಾದ ಪುನರ್ಮಿಲನ ಆದದ್ದು 1984ರಲ್ಲಿ. ನಮ್ಮ ದೇಶದಲ್ಲಾದರೆ ಟ್ರೇಡ್‌ಮಾರ್ಕಿಗೆ ಎರಡು ವರ್ಗ ಬೇಕು: ಕಾರ್ಯಕ್ರಮಗಳಿಗೆ 41, ರೆಕಾರ್ಡಿಂಗ್‌ಗಳಿಗೆ 9.

ಹಳೇ ಹಾಡುಗಳಲ್ಲಿ ಎರಡು ಹಕ್ಕು ಬೇರೆ ಬೇರೆಯಾಗಿ ಇರುತ್ತವೆ. ಸಾಹಿತ್ಯ ಮತ್ತು ರಾಗಸಂಯೋಜನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಅಂದಿನ ಕಂಪನಿಯ ಕೈಯಲ್ಲಿರುತ್ತದೆ. ಹಳೇ ಹಾಡನ್ನು ಹೊಸದಾಗಿ ನುಡಿಸಿ ಸೇರಿಸುವ ಯೋಚನೆಯಿದ್ದರೆ, ಮರುಮುದ್ರಣಕ್ಕೆ ಇಷ್ಟು ವರ್ಷ ನಿರ್ಬಂಧ ಎಂಬ ಕಲಮು ಹಳೇ ಕರಾರಿನಲ್ಲಿ ಇದೆಯೇ ಎಂದು ಮೊದಲು ನೋಡಿ. ಹೊಸ ಹಾಡಿನ ಪಾಲನ್ನು ಹಾಡು ಮುಗಿದ ದಿನವೇ ಶೇಕಡಾ ಲೆಕ್ಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಆರು ತಿಂಗಳು ಬಿಟ್ಟರೆ ಪ್ರತಿ ರಿಫ್ಫಿಗೂ (ಹಾಡಿನಲ್ಲಿ ಮರಳಿ ಮರಳಿ ಬರುವ ಗಿಟಾರ್ ತುಣುಕು) ಇಬ್ಬರು ತಂದೆ. ಪಾಲು ನಿಶ್ಚಯವಾದ ಮೇಲೆ ಹಾಡು ಬರೆದವರ, ರಾಗ ಹಾಕಿದವರ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ನೋಂದಾಯಿಸಿದರಾಯಿತು.

ಶ್ರುತಿ, ತಂತಿ, ವೇಗ

ವಯಸ್ಸಾದಂತೆ ಮೇಲಿನ ಸ್ವರಗಳು ಒಂದೇ ಸಲ ಹೋಗುವುದಿಲ್ಲ. ಮೊದಲ ಹಾಡಿನಲ್ಲಿ ಇರುತ್ತವೆ, ಹನ್ನೆರಡನೆಯ ಹಾಡಿನಲ್ಲಿ ಇರುವುದಿಲ್ಲ. ಹಾಗಾಗಿ ಗಾಯಕರ ಶ್ರುತಿಯನ್ನು ತಾಜಾ ಗಂಟಲಲ್ಲಿ ಅಳೆಯಬೇಡಿ. ತೊಂಬತ್ತು ನಿಮಿಷ ಅಭ್ಯಾಸ ಮಾಡಿಸಿ, ಕೊನೆಯಲ್ಲಿ ಅತಿ ಎತ್ತರದ ಕೋರಸ್ ಸಾಲನ್ನು ಐದು ಸಲ ಹಾಡಿಸಿ. ಐದನೆಯ ಸಲ ಧ್ವನಿ ಸೀಳಿದರೆ ಅರ್ಧ ಸ್ವರ ಇಳಿಸಿ ಮತ್ತೆ ನೋಡಿ.

ಇಳಿಸುವಾಗ ಕೈ ಜಾಗ ಬದಲಿಸಬೇಡಿ, ಗಿಟಾರನ್ನೇ ಇಳಿಸಿ ಟ್ಯೂನ್ ಮಾಡಿ. ಬಿಡಿ ತಂತಿಯ ಮೇಲೆ ಕಟ್ಟಿದ ರಿಫ್ ಕೈ ಸರಿಸಿದರೆ ಸತ್ತೇಹೋಗುತ್ತದೆ. ಅರ್ಧ ಸ್ವರ ಇಳಿಸಿದರೆ ತಂತಿಯ ಬಿಗಿ ಸುಮಾರು 11 ಶೇಕಡಾ ಕಡಿಮೆಯಾಗುತ್ತದೆ. ಗೆಣ್ಣು ನೋವಿರುವವರು 0.009 ಸೆಟ್ಟನ್ನೇ (ಅತಿ ತೆಳು ತಂತಿ 0.009 ಇಂಚು ದಪ್ಪ) ಉಳಿಸಿಕೊಂಡರೆ ಬೆಂಡ್ ಮಾಡುವುದು, ಅಂದರೆ ತಂತಿ ಎಳೆದು ಸ್ವರ ಏರಿಸುವುದು, ಹಗುರವಾಗುತ್ತದೆ. ಇಡೀ ಸ್ವರ ಇಳಿಸಿದರೆ ಬಿಗಿ ಐದರಲ್ಲೊಂದು ಪಾಲು ಹೋಗಿ ತಂತಿ ಫ್ರೆಟ್ಟಿಗೆ ತಾಗಿ ಗರಗರ ಅನ್ನುತ್ತದೆ. ಆಗ 0.010 ಸೆಟ್ ಹಾಕಿದರೆ ಅತಿ ತೆಳು ತಂತಿಯ ಬಿಗಿ ಹೆಚ್ಚುಕಡಿಮೆ ಹಳೇ ಮಟ್ಟಕ್ಕೇ ಬರುತ್ತದೆ. ಶ್ರುತಿ, ಸೆಟ್ ಯಾವುದು ಬದಲಾದರೂ ನೆಕ್ಕಿನ ಟ್ರಸ್ ರಾಡ್ (ಅದರ ಬಾಗು ಹೊಂದಿಸುವ ಒಳಗಿನ ಸರಳು) ಮತ್ತು ಇಂಟೊನೇಶನ್ (ಎಲ್ಲ ಫ್ರೆಟ್ಟಿನಲ್ಲೂ ಶ್ರುತಿ ಸರಿಯಿರುವಿಕೆ) ಮತ್ತೆ ಹೊಂದಿಸಬೇಕು. ಫ್ಲಾಯ್ಡ್ ರೋಸ್ (ಸ್ಪ್ರಿಂಗಿನ ಮೇಲೆ ತೇಲುವ ಬ್ರಿಡ್ಜ್) ಇರುವ ಗಿಟಾರಿನಲ್ಲಿ ಬಿಗಿ ಇಳಿದಂತೆ ಬ್ರಿಡ್ಜ್ ಹಿಂದಕ್ಕೆ ಕುಸಿಯುತ್ತದೆ, ಹಿಂಬದಿಯ ಸ್ಪ್ರಿಂಗ್ ಸಡಿಲಿಸಿ. ಕೀಬೋರ್ಡಿನವರು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಮರೆತುಬಿಡುತ್ತಾರೆ, ಮುಂದಿನ ಹಾಡು ಪೂರ್ತಿ ಅಪಸ್ವರ.

ವೇಗ ಕಂಡುಕೊಳ್ಳಲು ಕ್ಲಿಕ್ (ತಾಳ ಹಾಕುವ ಯಂತ್ರದ ಸದ್ದು) ಇಲ್ಲದೆ ಮೂರು ಸಲ ನುಡಿಸಿ, ಮೂರನೆಯ ಚರಣದ ಹೊತ್ತಿಗೆ ಎಲ್ಲಿ ನಿಂತಿದೆ ಎಂದು ಅಳೆಯಿರಿ. ಅದೇ ನಿಮ್ಮ ಈಗಿನ ವೇಗ. ಹಳೇ ಕ್ಯಾಸೆಟ್ಟಿಗಿಂತ ನಾಲ್ಕಾರು ಬಿಪಿಎಂ (ನಿಮಿಷಕ್ಕೆ ಬೀಳುವ ತಾಳದ ಪೆಟ್ಟು) ಕಡಿಮೆ ಇದ್ದರೆ ರಿಫ್ಫಿಗೆ ತೂಕ ಬರುತ್ತದೆಯೇ ಹೊರತು ಸೋಮಾರಿತನ ಅನ್ನಿಸುವುದಿಲ್ಲ.

ಹಳೇ ಟೇಪಿನಲ್ಲಿ ಏನಿದೆ

ಎಸಿ/ಡಿಸಿಯ 2020ರ ‘ಪವರ್ ಅಪ್’ ಬೆಳೆದದ್ದು ಆಂಗಸ್ ಮತ್ತು ಮಾಲ್ಕಮ್ ಯಂಗ್ ಸೋದರರು ಹಿಂದೆ ಕೂಡಿಟ್ಟಿದ್ದ ರಿಫ್ಫುಗಳಿಂದ. ಮಾಲ್ಕಮ್ ತೀರಿಕೊಂಡದ್ದು 2017ರಲ್ಲಿ. ಹೊಸದಾಗಿ ಬರೆಯಲು ಕೂರುವ ಮುಂಚೆ ನಿಮ್ಮ ಡೆಮೊಗಳನ್ನೂ ಕೆದಕಿ. ಎಪ್ಪತ್ತು-ಎಂಬತ್ತರ ದಶಕದ ಕೆಲವು ಸ್ಪೂಲ್ ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿರುತ್ತದೆ. ಪ್ಲೇ ಮಾಡಿದರೆ ಕಿರ್ರೆನ್ನುತ್ತದೆ, ಹೆಡ್ಡಿಗೆ ಕಂದು ಪುಡಿ ಮೆತ್ತಿಕೊಳ್ಳುತ್ತದೆ. ಕೂಡಲೇ ನಿಲ್ಲಿಸಿ. ತಿಳಿದವರ ಕೈಯಲ್ಲಿ ಸುಮಾರು 54 ಡಿಗ್ರಿಯಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಬಿಸಿಗಿಡಿಸಿ, ಕೆಲವೇ ದಿನದಲ್ಲಿ ಡಿಜಿಟಲ್‌ಗೆ ಇಳಿಸಿಕೊಳ್ಳಿ. ಅಡುಗೆಮನೆ ಓವನ್ ಇದಕ್ಕಲ್ಲ, ಅದರ ಬಿಸಿ ಏರಿಳಿಯುತ್ತದೆ. ಇನ್ನೂ ಹಳೆಯದಾದ ಅಸಿಟೇಟ್ ಟೇಪನ್ನು ಬಿಸಿ ಮಾಡಲೇಬಾರದು.

ಕಾರ್ಯಕ್ರಮ ಮುಂಚೆ, ಸ್ಟುಡಿಯೋ ಆಮೇಲೆ

ಗಾಯಕ ಬ್ರೂಸ್ ಡಿಕಿನ್ಸನ್ ಮತ್ತು ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ 1999ರಲ್ಲಿ ಐರನ್ ಮೇಡನ್‌ಗೆ ಮರಳಿದಾಗ ಬ್ಯಾಂಡ್ ಮೊದಲು ಹಳೇ ಹಾಡುಗಳ ಪ್ರವಾಸ ಮುಗಿಸಿತು. ಪ್ಯಾರಿಸ್ಸಿನಲ್ಲಿ ನಿರ್ಮಾಪಕ ಕೆವಿನ್ ಶರ್ಲಿ ಜೊತೆ ‘ಬ್ರೇವ್ ನ್ಯೂ ವರ್ಲ್ಡ್’ ಮುದ್ರಿಸಿದ್ದು ಆಮೇಲೆ, ಅದೂ ಆರೂ ಜನ ಒಟ್ಟಿಗೆ ನುಡಿಸುತ್ತ. ಇದೇ ಆರು ಜನರ ತಂಡ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂತು. ಸ್ಮಿತ್ ಜಾಗದಲ್ಲಿ ನುಡಿಸುತ್ತಿದ್ದ ಜ್ಯಾನಿಕ್ ಗರ್ಸ್‌ರನ್ನು ಕಳಿಸಿಬಿಡದೆ ಮೂರು ಗಿಟಾರ್ ಇಟ್ಟುಕೊಂಡದ್ದು ಅವರು ಮಾಡಿದ ಜಾಣತನ: ಹಳಬ ಬಂದನೆಂದು ಇಷ್ಟು ದಿನ ಗಾಡಿ ಎಳೆದವನನ್ನು ಇಳಿಸಬೇಕಾಗಿಲ್ಲ.

ಒಟ್ಟಿಗೆ ನುಡಿಸಿ ಮುದ್ರಿಸುವಾಗ ಡ್ರಮ್ಮರ್‌ಗೆ ಎಲ್ಲರ ಮುಖ ಕಾಣಬೇಕು, ಗಿಟಾರ್ ಆಂಪ್‌ಗಳು ಬೇರೆ ಕೋಣೆಯಲ್ಲಿರಬೇಕು. ದಿನಕ್ಕೆ ಎರಡು ಹಾಡು, ಹಾಡಿಗೆ ನಾಲ್ಕು ಟೇಕ್ ಸಾಕು. ಐದನೆಯದರಲ್ಲಿ ತಪ್ಪು ಕಡಿಮೆ, ಜೀವವೂ ಕಡಿಮೆ. ಬೇಸನ್ನು ನೇರ ಲೈನಿನಲ್ಲೂ ಆಂಪಿನ ಮೈಕಿನಲ್ಲೂ ತೆಗೆದುಕೊಳ್ಳಿ. ಮೈಕ್ ಸ್ಪೀಕರಿನಿಂದ ಒಂದು ಮೀಟರ್ ದೂರವಿದ್ದರೆ ಅದು ಸುಮಾರು 3 ಮಿಲಿಸೆಕೆಂಡ್ ತಡ. ಆ ತಡ ಸರಿಪಡಿಸಿ ಎರಡನ್ನೂ ಕೂಡಿಸದಿದ್ದರೆ ಬೇಸಿನ ಹೊಟ್ಟೆಯೇ ಮಾಯ. ಗಾಯನಕ್ಕೆ ಬೇರೆ ದಿನಗಳನ್ನು ಇಡಿ, ದಿನಕ್ಕೆ ಎರಡೂವರೆ ಗಂಟೆ ದಾಟಬೇಡಿ.

ಮಿಕ್ಸ್

ದಶಕಗಳ ಕಾಲ ಸಿಂಬಲ್ ಪಕ್ಕ ನಿಂತ ಕಿವಿಗೆ ಮೇಲಿನ ಆವರ್ತನಗಳು ಸರಿಯಾಗಿ ಕೇಳುವುದಿಲ್ಲ. ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ ಎಸಿ/ಡಿಸಿ ಪ್ರವಾಸವನ್ನೇ ನಿಲ್ಲಿಸಬೇಕಾದದ್ದು ಶ್ರವಣದ ತೊಂದರೆಯಿಂದ. ಮಿಕ್ಸ್ ಕೂರುವಾಗ ಇದರ ಫಲ ಹೀಗೆ ಕಾಣುತ್ತದೆ: ಬ್ಯಾಂಡಿನ ಪ್ರತಿಯೊಬ್ಬರೂ ‘ಸ್ವಲ್ಪ ಟ್ರೆಬಲ್ ಏರಿಸಿ’ ಎನ್ನುತ್ತಾರೆ, ಹೊರಗಿನವರಿಗೆ ಕಿವಿ ಚುಚ್ಚುತ್ತದೆ. ಎಲ್ಲರೂ ಒಮ್ಮೆ ಆಡಿಯೋಗ್ರಾಮ್ (ಕಿವಿಯ ಪರೀಕ್ಷೆ) ಮಾಡಿಸಿ, 4 ಕಿಲೋಹರ್ಟ್ಸ್‌ನಿಂದ ಮೇಲಿನ ತೀರ್ಮಾನವನ್ನು ಎಳೇ ಕಿವಿಯ ಎಂಜಿನಿಯರ್‌ಗೆ ಬಿಟ್ಟುಕೊಡಿ. ಬ್ಯಾಂಡಿನವರು ಒಪ್ಪುವುದು ಕಷ್ಟ, ಅದಕ್ಕೇ ಕೊನೆಯ ಮಾತು ಯಾರದೆಂದು ಒಪ್ಪಂದದಲ್ಲಿ ಬರೆಯಿರಿ ಅಂದದ್ದು.

ಮಿಕ್ಸ್ ಆದ ಮೇಲಿನ ಕೊನೆಯ ಹದವಾದ ಮಾಸ್ಟರಿಂಗ್‌ನಲ್ಲಿ ಜೋರು ಮಾಡುವ ಪೈಪೋಟಿಗೆ ಇಳಿಯಬೇಡಿ. ಸ್ಪಾಟಿಫೈ ಹೇಗೂ -14 ಲಫ್ಸ್ (ಧ್ವನಿಯ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ, ಹಿಸುಕಿದ ಡ್ರಮ್ಸ್ ಹಿಸುಕಿದಂತೆಯೇ ಉಳಿಯುತ್ತದೆ. ವಿನೈಲ್ ತರುವುದಾದರೆ ಒಂದು ಬದಿಗೆ 18ರಿಂದ 22 ನಿಮಿಷ. ಒಳಸುತ್ತಿಗೆ ಬಂದಂತೆ ಟ್ರೆಬಲ್ ಮಸುಕಾಗುವುದರಿಂದ ನಿಧಾನದ ಹಾಡನ್ನು ಬದಿಯ ಕೊನೆಗೆ ಇಡಿ. ಒಟ್ಟು ಒಂಬತ್ತು ಹಾಡು, ನಲವತ್ತು ನಿಮಿಷ ಬೇಕಾದಷ್ಟಾಯಿತು.

ಬಿಡುಗಡೆ

ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ನಾಲ್ಕು ವಾರ ಮುಂಚೆ ಫೈಲ್ ಕೊಡಿ. ಸ್ಪಾಟಿಫೈ ಸಂಪಾದಕರಿಗೆ ಹಾಡು ಸೂಚಿಸಲು ಕನಿಷ್ಠ ಏಳು ದಿನ ಬೇಕು. ನಿಮ್ಮ ಹೆಸರಿನ ಇನ್ನೊಂದು ಬ್ಯಾಂಡ್ ಈ ಮಧ್ಯೆ ಹುಟ್ಟಿರುವುದು ಸಾಮಾನ್ಯ. ಹಾಡು ಅವರ ಪ್ರೊಫೈಲಿಗೆ ಹೋಗಿ ಕೂರದಂತೆ ನಿಮ್ಮ ಹಳೇ ಪ್ರೊಫೈಲಿನ ಕೊಂಡಿಯನ್ನು ಅಪ್‌ಲೋಡ್ ಮಾಡುವಾಗಲೇ ನಮೂದಿಸಿ. ಹಳೇ ಆಲ್ಬಂ ಮತ್ತೆ ಏರಿಸುವುದಿದ್ದರೆ ಮೊದಲಿನ ಐಎಸ್‌ಆರ್‌ಸಿ ಸಂಖ್ಯೆಗಳನ್ನೇ (ಪ್ರತಿ ಧ್ವನಿಮುದ್ರಣದ ಗುರುತಿನ ಸಂಖ್ಯೆ) ಕೊಡಿ, ಇಲ್ಲದಿದ್ದರೆ ಕೇಳುಗರ ಎಣಿಕೆ ಸೊನ್ನೆಯಿಂದ ಶುರುವಾಗಬಹುದು. ವೇದಿಕೆಯಲ್ಲಿ ಹದಿನಾರು ಹಾಡಿದ್ದರೆ ಹೊಸದು ನಾಲ್ಕು ಸಾಕು, ಎರಡು ಹೊಸ ಹಾಡು ಒಟ್ಟಿಗೆ ಬರದಿರಲಿ. ಎರಡನೆಯದಕ್ಕೆ ಜನ ಬಿಯರ್ ತರಲು ಹೋಗುತ್ತಾರೆ.