ನಿಂಬೆರಸಕ್ಕೂ ಜಗ್ಗದ ಎಲೆಯಚ್ಚು

ಮನೆಗೆ ಊಟಕ್ಕೆ ಬಂದವರಿಗೆ ಟಿಶ್ಯೂ ಪೇಪರ್ ಕೊಡುವುದು ನನಗೆ ಇಷ್ಟವಿಲ್ಲ. ಕೈ ತೊಳೆದು ಬಂದವರ ಒದ್ದೆ ಬೆರಳಿಗೆ ಅದು ಅಂಟಿ ಚೂರು ಚೂರಾಗುತ್ತದೆ. ಹಾಗಾಗಿ ಹತ್ತಿ ನ್ಯಾಪ್‌ಕಿನ್ ನಾನೇ ಹೊಲಿದು, ಹಿತ್ತಲಿನ ಎಲೆಗಳನ್ನೇ ಅದಕ್ಕೆ ಅಚ್ಚು ಹಾಕಲು ಹೊರಟೆ.

ಮೊದಲ ಸಲ ನೈಸರ್ಗಿಕ ಬಣ್ಣದಲ್ಲೇ ಮಾಡಬೇಕೆಂಬ ಹಟ ಇತ್ತು. ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಸೇರಿಸಿ ಮೂರು ವಾರ ಮಡಕೆಯಲ್ಲಿ ಬಿಟ್ಟೆ. ಕಲಂಕಾರಿಯವರ ಕಪ್ಪು ಬಣ್ಣವೂ ಹೀಗೇ ಹುಟ್ಟುವುದು. ಬಟ್ಟೆಯನ್ನು ಅಳಲೆಕಾಯಿ ಪುಡಿಯ ನೀರಿನಲ್ಲಿ ನೆನೆಸಿ ಒಣಗಿಸಿದೆ. ಎಲೆಗಳನ್ನು ಆ ಕಬ್ಬಿಣದ ನೀರಿನಲ್ಲಿ ಅದ್ದಿ ಬಟ್ಟೆಯ ಮೇಲೆ ಹರಡಿ, ಬಿಗಿಯಾಗಿ ಸುತ್ತಿ ಕಟ್ಟಿ, ಅಡುಗೆಗೆ ಬಳಸದ ಹಳೆಯ ಇಡ್ಲಿ ಪಾತ್ರೆಯಲ್ಲಿ ಒಂದೂವರೆ ಗಂಟೆ ಹಬೆಯಲ್ಲಿಟ್ಟೆ. ಅಳಲೆಯ ಒಗರಿಗೆ ಕಬ್ಬಿಣ ಸೇರಿ ಬೂದುಗಪ್ಪು ಎಲೆಗಳು ಮೂಡಿದವು. ನೋಡಿ ಕಣ್ತುಂಬಿ ಬಂತು.

ಆದರೆ ಚಿತ್ರಾನ್ನದ ದಿನ ಯಾರೋ ನಿಂಬೆಹಣ್ಣು ಹಿಂಡಿದ ಕೈಯನ್ನು ಹಾಗೇ ಒರೆಸಿಕೊಂಡರು. ರಸ ತಾಗಿದಲ್ಲೆಲ್ಲ ಎಲೆ ಮಾಸಿ ಹಳದಿ ಕಲೆ ಉಳಿಯಿತು. ಹುಳಿಗೆ ಕಬ್ಬಿಣದ ಕಪ್ಪು ನಿಲ್ಲುವುದಿಲ್ಲ. ಹುಣಸೆಹುಳಿಯೂ ಅಷ್ಟೇ. ನಮ್ಮ ಊಟದಲ್ಲಿ ಹುಳಿ ಇಲ್ಲದ ದಿನ ಯಾವುದಿದೆ ಹೇಳಿ! ಆ ಬಣ್ಣದ ಮೇಲೆ ನನಗೆ ಈಗಲೂ ಪ್ರೀತಿ ಇದೆ. ದುಪಟ್ಟಾಕ್ಕೆ, ಕಿಟಕಿ ಪರದೆಗೆ ಅದನ್ನೇ ಹಾಕುತ್ತೇನೆ. ಊಟದ ಮೇಜಿಗೆ ಮಾತ್ರ ಬೇಡ.

ಈಗ ಫ್ಯಾಬ್ರಿಕ್ ಪೇಂಟ್ ಬಳಸುತ್ತೇನೆ, ಅಚ್ಚಿಗೆ ಮಾತ್ರ ನಿಜವಾದ ಎಲೆಯೇ. ಎರಡು ಮೀಟರ್ ಕೋರಾ ಬಟ್ಟೆ ತಂದು ಮೊದಲು ಬಿಸಿನೀರಿನಲ್ಲಿ ಚೆನ್ನಾಗಿ ಒಗೆಯಬೇಕು. ಗಂಜಿ ಹೋಗಬೇಕು, ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡಬೇಕು. ಆಮೇಲೆ 20 ಇಂಚಿನ ಚೌಕ ಕತ್ತರಿಸಿ, ಸುತ್ತಲೂ ಒಂದೊಂದು ಇಂಚು ಮಡಚಿ ಹೊಲಿದರೆ 18 ಇಂಚಿನ ನ್ಯಾಪ್‌ಕಿನ್ ಆರು ಸಿಗುತ್ತವೆ.

ಎಲೆಗಳಲ್ಲಿ ನನಗೆ ಬಸವನಪಾದವೇ ಹೆಚ್ಚು. ಎರಡು ಹೋಳಾದ ಆ ಆಕಾರ, ಬುಡದಿಂದ ಬೀಸಣಿಗೆಯಂತೆ ಹರಡುವ ನರಗಳು! ನರ ಎದ್ದಿರುವುದು ಎಲೆಯ ಹಿಂಬದಿಯಲ್ಲಿ, ಹಾಗಾಗಿ ಪೇಂಟ್ ಹಚ್ಚಬೇಕಾದ್ದೂ ಅಲ್ಲಿಗೇ. ಬ್ರಷ್ ಬೇಡ, ನರಗಳ ಸಂದು ತುಂಬಿಕೊಳ್ಳುತ್ತದೆ. ಸ್ಪಂಜಿನ ತುಂಡಿನಿಂದ ತೆಳ್ಳಗೆ ತಟ್ಟಿ. ಬಟ್ಟೆಯ ಕೆಳಗೆ ಹಳೆಯ ಕಂಬಳಿ ಹಾಸಿ, ಎಲೆಯನ್ನು ಕವುಚಿ ಇಟ್ಟು, ಮೇಲೊಂದು ಕಾಗದ ಮುಚ್ಚಿ, ನಡುದಂಟಿನಿಂದ ಅಂಚಿನ ಕಡೆಗೆ ಬೆರಳಲ್ಲಿ ಒತ್ತುತ್ತಾ ಹೋಗಿ. ಎಲೆ ಸ್ವಲ್ಪವೂ ಜರುಗಬಾರದು. ಆಮೇಲೆ ತೊಟ್ಟು ಹಿಡಿದು ಒಂದೇ ಸಲಕ್ಕೆ ಎತ್ತಿಬಿಡಿ. ಕೂದಲೆಳೆಯಂಥ ನರಗಳೂ ಬಟ್ಟೆಗೆ ಇಳಿದಿರುತ್ತವೆ. ತೀರಾ ಎಳೆಯ ಎಲೆ ಜಜ್ಜಿಹೋಗುತ್ತದೆ, ಹಲಸಿನಂಥ ದಪ್ಪ ಎಲೆ ಜಾರುತ್ತದೆ.

ಅಚ್ಚು ಒಂದು ಮೂಲೆಯಲ್ಲಿ ಮಾತ್ರ ಇರಲಿ. ಪೇಂಟ್ ಇದ್ದಲ್ಲಿ ಬಟ್ಟೆ ನೀರು ಹೀರುವುದು ಕಡಿಮೆ. ನಡುಭಾಗ ತುಂಬಿಸಿದರೆ ನೋಡಲು ಚೆಂದ, ಆದರೆ ಕೈ ಒರೆಸಲು ಬಾರದು. ಒಂದು ದಿನ ಒಣಗಲು ಬಿಟ್ಟು, ಹಿಂಬದಿಯಿಂದ ಬಿಸಿ ಇಸ್ತ್ರಿ ಹಾಕಿ. ನಾನು ಮೊದಲ ಒಗೆತಕ್ಕೆ ಮೂರು ದಿನ ಕಾಯುತ್ತೇನೆ.

ಸದ್ಯ ಬಸವನಪಾದ ಎಲೆ ಉದುರಿಸಿ ನಿಂತಿದೆ. ಅದರ ಚಿಗುರು ಬಲಿಯುವ ತನಕ ಸೀಬೆ ಎಲೆಯಲ್ಲಿ ಒಂದು ಸೆಟ್ ಶುರು ಮಾಡಿದ್ದೇನೆ, ತಂಗಿಯ ಮನೆಗೆ.