ಏಸಿಗೆ ಗ್ಯಾಸ್ ತುಂಬಿಸುವ ಮೊದಲು ಫ್ಯಾನ್ ನೋಡಿ

ಚಿಕ್ಕಮಗಳೂರಿನವರಿಗೆ ಕಾರಲ್ಲಿ ಏಸಿ ಯಾಕೆ ಅಂತ ಬೆಂಗಳೂರಿನ ನೆಂಟರು ನಗುತ್ತಾರೆ. ಜುಲೈ ಮಳೆಯಲ್ಲಿ ಒಮ್ಮೆ ಚಾರ್ಮಾಡಿ ಘಾಟಿ ಇಳಿದು ನೋಡಲಿ. ನಮ್ಮ ಉಸಿರಿಗೇ ಮುಂದಿನ ಗಾಜು ಮಂಜಾಗುತ್ತದೆ. ಏಸಿಯ ಒಣಗಾಳಿ ಬಿಟ್ಟರೆ ಮಾತ್ರ ದಾರಿ ಕಾಣುವುದು. ಹಾಗಾಗಿ ಇಲ್ಲಿ ಅದು ಶೋಕಿಯಲ್ಲ.

ಹಳೇ ಕಾರಿನ ಏಸಿ ಕೈಕೊಟ್ಟರೆ ಗ್ಯಾರೇಜಿನಲ್ಲಿ ಮೊದಲ ಮಾತೇ 'ಗ್ಯಾಸ್ ಹಾಕಿಸಿ ಸಾರ್'. ನಾನೂ ಹಾಕಿಸಿದ್ದೆ. ಏನೂ ಬದಲಾಗಲಿಲ್ಲ. ಕೆಟ್ಟಿದ್ದು ಫ್ಯಾನು.

ಏಸಿಗೆ ಫ್ಯಾನ್ ಎರಡು. ಡ್ಯಾಶ್‌ಬೋರ್ಡ್ ಒಳಗಿನ ಬ್ಲೋವರ್ ನಮ್ಮ ಮುಖಕ್ಕೆ ಗಾಳಿ ಊದುತ್ತದೆ. ಬಾನೆಟ್ ಕೆಳಗೆ ಮುಂಭಾಗದಲ್ಲಿರುವುದು ಕಂಡೆನ್ಸರ್ ಫ್ಯಾನ್. ಅದು ಗ್ಯಾಸಿನ ಬಿಸಿಯನ್ನು ಹೊರಗೆ ಹಾಕುತ್ತದೆ. ಯಾವುದು ಕೆಟ್ಟಿದೆ ಅಂತ ಕಾರೇ ಹೇಳುತ್ತದೆ. ಗಾಳಿಯೇ ಬರುತ್ತಿಲ್ಲವಾ? ಬ್ಲೋವರ್ ನೋಡಿ. ಬೇಲೂರು ರಸ್ತೆಯಲ್ಲಿ ಓಡುವಾಗ ತಂಪು, ಹಾಸನದ ಎನ್.ಆರ್. ವೃತ್ತದಲ್ಲಿ ನಿಂತ ಕೂಡಲೇ ಬಿಸಿಗಾಳಿ ಅಂದರೆ ಕಂಡೆನ್ಸರ್ ಫ್ಯಾನ್ ಮೇಲೆ ಅನುಮಾನ ಪಡಿ.

ಯಾವುದೇ ಇರಲಿ, ಮೊದಲು ಫ್ಯೂಸ್. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದು ಹಾಕಿ. 20 ಇದ್ದ ಕಡೆ 30 ತುರುಕಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ. ಆಮೇಲೆ ರಿಲೇ, ಅಂದರೆ ಫ್ಯಾನಿಗೆ ಕರೆಂಟು ಬಿಡುವ ವಿದ್ಯುತ್ ಸ್ವಿಚ್ಚು. ಹಾರ್ನ್ ರಿಲೇ ಅದೇ ನಂಬರಿನದಾಗಿದ್ದರೆ ಅದಲು ಬದಲು ಮಾಡಿ. ಫ್ಯಾನ್ ತಿರುಗಿದರೆ ಕಳ್ಳ ಸಿಕ್ಕಿದ ಹಾಗೆ.

ನನ್ನ ಕಾರಿನ ಬ್ಲೋವರ್ 1, 2, 3ರಲ್ಲಿ ಸತ್ತಿತ್ತು, 4ರಲ್ಲಿ ಮಾತ್ರ ಭೋರ್ಗರೆಯುತ್ತಿತ್ತು. ಇದು ಕರೆಂಟು ತಗ್ಗಿಸುವ ರೆಸಿಸ್ಟರ್ ಹೋದ ಲಕ್ಷಣ. ಕಡಿಮೆ ವೇಗಗಳಿಗೆ ಕರೆಂಟು ರೆಸಿಸ್ಟರ್ ಮೂಲಕ ಹೋಗುತ್ತದೆ, ಕೊನೆಯದಕ್ಕೆ ನೇರವಾಗಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಗ್ಲೋವ್ ಬಾಕ್ಸ್ ಕಳಚಿ, ಎರಡು ಸ್ಕ್ರೂ ತೆಗೆದೆ. ಕೈಗೆ ಬಂದದ್ದು ಸುಟ್ಟ ಸುರುಳಿ, ಜೊತೆಗೆ ಒಂದು ಹಿಡಿ ಒಣ ಸಿಲ್ವರ್ ಓಕ್ ಎಲೆ! ತೋಟದ ಮರದಡಿ ನಿಲ್ಲಿಸಿದ್ದಕ್ಕೆ ಬಂದ ಬಾಡಿಗೆ. ರೆಸಿಸ್ಟರ್ ತಣ್ಣಗಾಗುವುದು ಬ್ಲೋವರ್ ಗಾಳಿಯಿಂದಲೇ. ಎಲೆ ಅಡ್ಡ ಬಂದರೆ ಅದು ಕಾದು ಸಾಯುತ್ತದೆ. ಕಸ ತೆಗೆಯದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ವೈರ್ ಸಿಕ್ಕಿಸುವ ಪ್ಲಗ್, ಅಂದರೆ ಕಪ್ಲರ್, ಕರಗಿ ಕಪ್ಪಾಗಿದ್ದರೆ ಅದನ್ನೂ ಬದಲಿಸಿ.

ಬ್ಲೋವರ್ ಯಾವ ವೇಗದಲ್ಲೂ ತಿರುಗದಿದ್ದರೆ ಅದರ ಮೋಟಾರಿನ ಮೈಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ಎದ್ದು ತಿರುಗಿದರೆ ಮೋಟಾರಿನೊಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದಿರುವ ಸಾಧ್ಯತೆ ಜಾಸ್ತಿ.

ಕಂಡೆನ್ಸರ್ ಫ್ಯಾನಿಗೆ ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಕಪ್ಲರ್ ಬಿಚ್ಚಿ, ಫ್ಯೂಸ್ ಇರುವ ವೈರಿನಿಂದ 12 ವೋಲ್ಟ್ ನೇರವಾಗಿ ಕೊಡಿ. ತಿರುಗಲಿಲ್ಲವೆಂದರೆ ಮೋಟಾರ್ ಹೋಗಿದೆ. ತಿರುಗಿದರೆ ಮೋಟಾರ್ ಸರಿ. ವೈರನ್ನು ಇಲಿ ಕಡಿದಿದೆಯಾ, ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ. ಬೆರಳು ಮಾತ್ರ ಜೋಪಾನ. ಎಂಜಿನ್ ಬಿಸಿ ಇದ್ದರೆ ಕೆಲವು ಕಾರಿನ ಫ್ಯಾನ್ ಕೀ ತೆಗೆದ ಮೇಲೂ ತಾನಾಗಿ ತಿರುಗುತ್ತದೆ.

ಎರಡೂ ಸರಿಯಿದ್ದು ತಂಪಿಲ್ಲವಾ? ಈಗ ಗ್ಯಾಸಿನ ಮಾತು. ಅದು ವರ್ಷವರ್ಷ ಖಾಲಿಯಾಗುವ ಪೆಟ್ರೋಲಲ್ಲ. ಎಲ್ಲಿ ಸೋರುತ್ತಿದೆ ಅಂತ ತೋರಿಸಿದ ಮೇಲೆ ತುಂಬಿಸಿ ಅನ್ನಿ.